ಏಳು ಸೀಳುಗಳ ಹಿಮಬಂಡಿ

ನನ್ನ ಎಡಗೈ ಮಣಿಕಟ್ಟಿನವರೆಗೆ ಡಬ್ಬಿಯೊಳಗಿತ್ತು.

ಚಿಕ್ಕ ಮರದ ಡಬ್ಬಿ. ಅಂಟಿಸಿ ಜೋಡಿಸುವ ಪುಟ್ಟ ವಿಮಾನ, ಕಾರುಗಳ ಮಾಡೆಲ್ ಕಿಟ್‌ಗಳಿಗೆ ಬಿಡಿಭಾಗ ಎರಕ ಹೊಯ್ಯುವವರ ಬಳಿ ಇಂಥವು ಹತ್ತಾರು ಇರುತ್ತವೆ. ಸಾಮಾನ್ಯವಾಗಿ ಅದರಲ್ಲಿ ಗೇಣುದ್ದದ ವಿಮಾನದ ರೆಕ್ಕೆ ಇರುತ್ತದೆ. ಅವತ್ತು ನನ್ನ ಕೈ ಇತ್ತು. ಅಲುಗದಂತೆ ಮಣಿಕಟ್ಟನ್ನೂ ಡಬ್ಬಿಯನ್ನೂ ಕಬ್ಬಿಣದ ಪಟ್ಟಿಯಿಂದ ಮೇಜಿಗೆ ಬಿಗಿದಿದ್ದರು. ಬಲಗೈಯನ್ನು ಬೆಲ್ಟಿನಿಂದ ಕುರ್ಚಿಗೆ ಕಟ್ಟಿದ್ದರು.

ಬುರೆಶ್ ಎರಡು ಬಾಟಲಿಗಳ ದ್ರವವನ್ನು ಲೋಟದಲ್ಲಿ ಬೆರೆಸಿ ಐಸ್‌ಕ್ರೀಮ್ ಕಡ್ಡಿಯಿಂದ ಕಲಕುತ್ತಿದ್ದ. ಗೂಳಿಯ ಕತ್ತು, ದಾದಿಯ ನಾಜೂಕು.

"ರೆಸಿನ್," ಎಂದ. "ನಾಲ್ಕು ನಿಮಿಷ, ಆಮೇಲೆ ಕಲ್ಲು. ಗಟ್ಟಿಯಾಗೋವಾಗ ಕುದಿಯೋ ನೀರಿನಷ್ಟು ಬಿಸಿ ಆಗುತ್ತೆ."

"ಪಾಠ ಚೆನ್ನಾಗಿ ಮಾಡ್ತೀಯ. ಮೇಷ್ಟ್ರಾಗಬೇಕಿತ್ತು ನೀನು."

"ಆಗಿದ್ದೆ. ಎರಡು ವರ್ಷ. ಮಕ್ಕಳು ಮಾತು ಕೇಳ್ತಿರಲಿಲ್ಲ." ಲೋಟ ಎತ್ತಿದ. "ಮುದುಕ ಎಲ್ಲಿ, ಹ್ರಾದಿಲ್?"



ಅವನು ಸುರಿದ.

ಮೊದಲು ತಣ್ಣಗಿತ್ತು... ಬೆರಳಸಂದಿಗಳಲ್ಲಿ ಜೇನಿನಂತೆ ಇಳಿಯಿತು.

ಮುದುಕ ಎಲ್ಲಿದ್ದಾನೆಂದು ಬ್ರನೋ ನಗರದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ನನಗೆ. ಸರ್ಕಾರ ಬದಲಾದಾಗ ನನ್ನ ಪೊಲೀಸ್ ಕೆಲಸ ಹೋಗಿತ್ತು. ಅಲ್ಲಿಂದ ಈಚೆಗೆ ಕಳೆದುಹೋದವರನ್ನು ಹುಡುಕಿಕೊಡುತ್ತಿದ್ದೆ. ಅಗತ್ಯವಿದ್ದವರನ್ನು ಕಳೆದುಹೋಗುವಂತೆಯೂ ಮಾಡುತ್ತಿದ್ದೆ. ಅಲೋಯಿಸ್ ಕಲೋಸೆಕ್ ಎರಡನೇ ಬಗೆಯವನು.

ನಾನಿದ್ದ ನೆಲಮಾಳಿಗೆ ದುಶಾನ್ ಸ್ಕೋಟಾಕ್‌ನದು. ಬುರೆಶ್ ಅವನ ಬಂಟ. ಬೇರೆಯವರ ಕಿಟ್ ಕೊಂಡು, ಅದರ ಭಾಗಗಳಿಂದ ಅಚ್ಚು ತೆಗೆದು, ಹೊಸ ಪೆಟ್ಟಿಗೆಯಲ್ಲಿ ತುಂಬಿ ಮಾರುವುದು ಅವನ ಕಸುಬು. ನವೆಂಬರಿನಲ್ಲಿ ಓಟಾ ಕುಬೆಲ್ಕಾ ಎಂಬ ಕಿಟ್ ತಯಾರಕ ಜಗಳಕ್ಕೆ ಬಂದ. 'ಎರಡು ವರ್ಷ ಕೂತು ಮಾಡಿದ ವಿಮಾನ ನನ್ನದು, ನೀನು ಎರಡು ವಾರದಲ್ಲಿ ಕದ್ದೆ' ಎಂದ. ಸ್ಕೋಟಾಕ್ ಕೈಗೆ ಸಿಕ್ಕ ಸುತ್ತಿಗೆಯಿಂದ ಹೊಡೆದ. ಓಟಾ ಮೇಲೇಳಲಿಲ್ಲ.

ಮೂಲೆಯ ಮೇಜಿನಲ್ಲಿ ಒಬ್ಬ ಕೆಲಸಗಾರನಿದ್ದ. ಅರವತ್ತೆಂಟು ವರ್ಷದ ಕಲೋಸೆಕ್. ಅಚ್ಚಿಗೆ ಬೇಕಾದ ಮೂಲಮಾದರಿಗಳನ್ನು ಕೈಯಲ್ಲೇ ಕೆತ್ತುವವನು. ಎಲ್ಲರೂ 'ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ಅವನು ನೋಡಿದ. ನೋಡಿದ್ದನ್ನು ಪೊಲೀಸರಿಗೆ ಹೇಳಿದ. ಮರುದಿನವೇ ಅವನ ಮನೆಯ ಬಾಗಿಲಿಗೆ ಬೆಂಕಿ ಬಿತ್ತು. ಓಟಾನ ಹೆಂಡತಿ ಲಿಬುಶೆ ನನ್ನ ಬಳಿ ಬಂದಳು. "ವಿಚಾರಣೆಯ ದಿನದವರೆಗೆ ಅವರನ್ನ ಜೀವಂತ ಇಟ್ಟುಕೊಳ್ಳಿ. ನಂಗೆ ಇನ್ನೇನೂ ಬೇಡ," ಎಂದಳು.

ವಿಚಾರಣೆ ಸೋಮವಾರ. ಅವತ್ತು ಶನಿವಾರ ಬೆಳಿಗ್ಗೆ. ಜಾಮೀನಿನ ಮೇಲಿದ್ದ ಸ್ಕೋಟಾಕ್‌ಗೆ ಉಳಿದದ್ದು ಎರಡೇ ದಿನ. ಮೇಸ್ತ್ರಿ ಕೋರ್ಟಿನಲ್ಲಿ ಬಾಯಿಬಿಟ್ಟರೆ ಅವನಿಗೆ ಇಪ್ಪತ್ತು ವರ್ಷ. ಬಿಡದಿದ್ದರೆ ಮನೆ.

ಎರಡನೇ ನಿಮಿಷ. ಡಬ್ಬಿ ಬೆಚ್ಚಗಾಯಿತು.

ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದು. ಸ್ಕೋಟಾಕ್ ಇಳಿದು ಬಂದ. ತೆಳ್ಳಗಿನ ಮನುಷ್ಯ, ಅಂಚೆ ಗುಮಾಸ್ತನ ಮುಖ. ಕೈಯಲ್ಲಿ ಒಂದು ಲಕೋಟೆ.

"ಪಾಪ, ಯಾಕೋ ತೊಂದರೆ ಕೊಡ್ತೀಯ ಇವರಿಗೆ?" ಎಂದ. "ನಮ್ಮ ಮೇಸ್ತ್ರಿ ತಾವೇ ಕಾಗದ ಬರೆದಿದ್ದಾರೆ."

ನಾನು ನಕ್ಕೆ. "ಸುಳ್ಳು."

ಅವನು ಕಾಗದ ಬಿಡಿಸಿ ನನ್ನ ಮುಖದ ಮುಂದೆ ಹಿಡಿದ. ಸಹಿ ಇರಲಿಲ್ಲ. ಹೆಸರೂ ಇರಲಿಲ್ಲ. ಗೆರೆ ಎಳೆದಂತೆ ನೆಟ್ಟಗಿನ ಅಕ್ಷರ. ಕೆಳಗೆ ಒಂದು ಚಿತ್ರ. ಕಾರಿನಂಥ ಮೈ, ಚಕ್ರದ ಜಾಗದಲ್ಲಿ ನಾಲ್ಕು ಸ್ಕೀ, ಬೆನ್ನಿಗೆ ವಿಮಾನದ ಪ್ರೊಪೆಲ್ಲರ್. ಹಿಮದ ಮೇಲೆ ಓಡುವ ಬಂಡಿ.



ಆ ಬಂಡಿಯ ಕತೆ ನನಗೂ ಗೊತ್ತಿತ್ತು. ಯುದ್ಧಕಾಲದಲ್ಲಿ ಒಂದೇ ಒಂದು ಕಟ್ಟಿದ್ದರಂತೆ. ಹದಿನೆಂಟರ ಕಲೋಸೆಕ್ ಅದನ್ನು ಸೈನ್ಯದ ಗುಜರಿಯಲ್ಲಿ ಕಂಡು, ಎರಡು ದಿನ ಕೂತು ಅಳತೆ ತೆಗೆದ. ಮೂರನೇ ದಿನ ಅದನ್ನು ಕತ್ತರಿಸಿದರು. ಅದರ ಅಳತೆ ಬಲ್ಲ ಮನುಷ್ಯ ಈ ಲೋಕದಲ್ಲಿ ಅವನೊಬ್ಬನೇ.

"ಹೋದ ತಿಂಗಳು ಹೊಸ ಕಂಪನಿ ಹೆಸರಲ್ಲಿ ಆ ಬಂಡಿಯ ಕಿಟ್ ಬಿಟ್ಟೆ," ಎಂದ ಸ್ಕೋಟಾಕ್. "ಊರೂರಿನ ಆಟಿಕೆ ಅಂಗಡಿಗೂ ಕಳಿಸಿದೆ. ಬೇಕಂತಲೇ ತಪ್ಪು ಮಾಡಿದೆ. ಹಿಂದಿನ ಮುಚ್ಚಳದಲ್ಲಿ ಗಾಳಿ ಹೋಗೋಕೆ ಸೀಳುಗಳಿವೆ ನೋಡಿ, ಏಳು ಅಂತ ಮೇಸ್ತ್ರಿ ಸಾವಿರ ಸಲ ಹೇಳಿದ್ದಾರೆ. ನಾನು ಒಂಬತ್ತು ಹಾಕಿದೆ. ತಪ್ಪು ಕಂಡರೆ ಬರೀರಿ ಅಂತ ಒಳಗೆ ಒಂದು ಚೀಟಿ ಇಟ್ಟೆ."

"ವಿಳಾಸ ಹಾಕಿಲ್ಲವಲ್ಲ."

"ಅಂಚೆಮುದ್ರೆ ಇದೆಯಲ್ಲ. ಯೆಸೆನಿಕ್."

ಬುರೆಶ್ ಕೋಟು ಹಾಕಿಕೊಂಡ. ಇಬ್ಬರೂ ಮೆಟ್ಟಿಲು ಹತ್ತಿದರು. ಮೇಲೆ ಕಾರು ಹೊರಟ ಸದ್ದು.

ಮೂರನೇ ನಿಮಿಷ. ಬಿಸಿ ಸುಡತೊಡಗಿತ್ತು.

ಎರಡೂ ಕಾಲಿನಿಂದ ಮೇಜನ್ನು ಒದ್ದೆ. ಮತ್ತೆ ಒದ್ದೆ. ಮೇಜು ಉರುಳಿತು. ಪಟ್ಟಿ ಕಳಚಿ, ಡಬ್ಬಿಯ ಹಲಗೆಗಳು ಬಿಚ್ಚಿಕೊಂಡವು. ಕೈಯನ್ನು ಎಳೆದಾಗ ರೆಸಿನ್ ಹಳೆಯ ಚೀಸ್‌ನಂತಾಗಿತ್ತು. ಕೈ ಬಂತು. ಚರ್ಮದಲ್ಲಿ ಸ್ವಲ್ಪ ಅಲ್ಲೇ ಉಳಿಯಿತು. ಹಲ್ಲಿನಿಂದ ಬೆಲ್ಟು ಬಿಚ್ಚಿದೆ. ಕಲ್ಲಿದ್ದಲು ಇಳಿಸುವ ಕಿಟಕಿಗೆ ಚಿಲಕ ಹಾಕಿರಲಿಲ್ಲ.

ಆಗ ಅದು ಅದೃಷ್ಟ ಅನಿಸಿತು.

ಯೆಸೆನಿಕ್ ಬೆಟ್ಟಗಳಿಗೆ ಮೂರು ಗಂಟೆಯ ದಾರಿ. ಅವರಿಗೆ ಗೊತ್ತಿದ್ದದ್ದು ಪಟ್ಟಣ. ನನಗೆ ಗೊತ್ತಿದ್ದದ್ದು ಮನೆ. ಅಷ್ಟೇ ನನ್ನ ಬಂಡವಾಳ. ಕೈಗೆ ಟವೆಲ್ ಸುತ್ತಿ ನನ್ನ ಹಳೆಯ ಕಾರನ್ನು ಓಡಿಸಿದೆ. ಫೆಬ್ರವರಿಯ ಹಿಮ. ಒಂದು ತಿರುವಿನಲ್ಲಿ ಕಾರು ಅಡ್ಡಡ್ಡ ಜಾರಿ ಹಾಲಿನ ಲಾರಿಯ ಮುಂದೆ ನಿಂತಿತು. ಲಾರಿಯವನು ನನ್ನ ತಾಯಿಯ ಬಗ್ಗೆ ಏನೋ ಕೂಗಿದ. ನಾನು ಮತ್ತೆ ಹೊರಟೆ. ನಿಮಿಷಕ್ಕೊಮ್ಮೆ ಕನ್ನಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಪಟ್ಟಣ ದಾಟಿ, ಕಾಡಿನಂಚಿನ ಮನೆ. ಬಾಗಿಲು ತಟ್ಟದೆ ನುಗ್ಗಿದೆ.

ಕಲೋಸೆಕ್ ಕಿಟಕಿಯ ಬೆಳಕಿನಲ್ಲಿ ಕೂತಿದ್ದ. ಹಣೆಗೆ ಲೆನ್ಸ್, ಕೈಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ತುಂಡು. ಪಕ್ಕದಲ್ಲಿ ಆರಿದ ಬೆಳ್ಳುಳ್ಳಿ ಸೂಪು. ಗೋಡೆಯ ತುಂಬ ಅವನ ನಕ್ಷೆಗಳು. ಹಳಿಯ ಮೇಲೆ ಓಡುವ ಕಾರು. ಉಂಗುರದಂಥ ರೆಕ್ಕೆಯ ವಿಮಾನ. ಒಬ್ಬನೇ ಕೂರುವ ಚೆಂಡಿನಾಕಾರದ ಟ್ಯಾಂಕು. ಮನುಷ್ಯರು ಒಮ್ಮೆ ಕಟ್ಟಿ, ನಾಚಿ, ಮರೆತುಬಿಟ್ಟ ಯಂತ್ರಗಳು.

"ಕೋಟು ಹಾಕ್ಕೊಳ್ಳಿ ಮೇಸ್ತ್ರಿ. ಹೊರಡಬೇಕು."

"ಕೈಗೆ ಏನಾಯ್ತಪ್ಪಾ?"

"ಕಾಗದ ಬರೆದಿರಾ?"

ಅವನು ಪ್ಲಾಸ್ಟಿಕ್ ತುಂಡನ್ನು ಮೆಲ್ಲನೆ ಕೆಳಗಿಟ್ಟ.

"ಹೆಸರು ಹಾಕಿರಲಿಲ್ಲ."

"ಫೋನ್ ಬೇಡ, ಕಾಗದ ಬೇಡ, ಕಿಟ್, ಅಂಟು ಮಾರೋ ಅಂಗಡಿಗೆ ಹೋಗಬೇಡಿ ಅಂದಿದ್ದೆ."

"ಬ್ರೆಡ್ ತರೋಕೆ ಹೋಗಿದ್ದೆ. ಪಕ್ಕದ ಅಂಗಡಿ ಕಿಟಕಿಯಲ್ಲಿ ಆ ಬಂಡಿಯ ಕಿಟ್ ಇತ್ತು, ಕೊಂಡೆ." ಸ್ವಲ್ಪ ತಡೆದು ಹೇಳಿದ, "ಒಂಬತ್ತು ಹಾಕಿದ್ರು."

"ಹಾಕಲಿ! ಅದರಿಂದ ಯಾರು ಸಾಯ್ತಾರೆ?"

"ನಾನು ಸತ್ತ ಮೇಲೆ ಅದು ಒಂಬತ್ತೇ ಆಗಿಬಿಡುತ್ತೆ."

 ಕೋಟನ್ನು ಅವನ ಹೆಗಲಿಗೆ ಎಸೆದೆ. ಬಾಗಿಲು ತೆರೆದೆ.

ಹೊರಗೆ ಬುರೆಶ್ ನಿಂತಿದ್ದ. ಪಿಸ್ತೂಲು ನನ್ನ ಹೊಟ್ಟೆಗೆ.

"ಕಿಟಕಿ ಸಾಕಷ್ಟು ಅಗಲ ಇತ್ತಾ?" ಎಂದ.

ಆಗ ಅರ್ಥವಾಯಿತು. ಮನೆ ತೋರಿಸಲೆಂದೇ ನನ್ನನ್ನು ತಪ್ಪಿಸಿಕೊಳ್ಳಲು ಬಿಟ್ಟಿದ್ದರು. ಬ್ರನೋದಿಂದ ಈ ಪಟ್ಟಣಕ್ಕೆ ಚಳಿಗಾಲದಲ್ಲಿ ತೆರೆದಿರುವುದು ಒಂದೇ ರಸ್ತೆ. ಅವರು ಚೌಕದಲ್ಲಿ ಕಾಫಿ ಕುಡಿಯುತ್ತ ನನ್ನ ಕಾರಿಗಾಗಿ ಕಾದಿದ್ದರು. ದಾರಿಯುದ್ದಕ್ಕೂ ನಾನು ಹಿಂದೆ ನೋಡುತ್ತಿದ್ದೆ. ಅವರು ಮುಂದಿದ್ದರು.

ಸ್ಕೋಟಾಕ್ ಒಳಗೆ ಬಂದು ಟೋಪಿ ತೆಗೆದ. ಗೋಡೆಯ ನಕ್ಷೆಗಳನ್ನು ಒಂದೊಂದಾಗಿ ನೋಡಿದ. ಅವಸರವಿಲ್ಲ.

"ಚೆನ್ನಾಗಿದ್ದೀರಾ ಮೇಸ್ತ್ರಿ?"



ನಾನು ಅಡ್ಡ ನಿಂತೆ. ಬುರೆಶ್ ನನ್ನ ಸುಟ್ಟ ಕೈಯನ್ನು ಹಿಡಿದು ಹಿಂಡಿದ. ಮೊಣಕಾಲೂರಿದೆ. ಇನ್ನು ಗುಂಡಿನ ಸದ್ದು ಕೇಳುತ್ತದೆ ಎಂದುಕೊಂಡೆ.

ಸದ್ದು ಕೇಳಲಿಲ್ಲ. ಸ್ಕೋಟಾಕ್ ಚೀಲದಿಂದ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಬಂಡಿಯ ಕಿಟ್. ಅದರಿಂದ ಹಿಂದಿನ ಮುಚ್ಚಳವನ್ನು ಎತ್ತಿ ಬೆಳಕಿಗೆ ಹಿಡಿದ.

"ಎಣಿಸಿ."

ಕಲೋಸೆಕ್ ಲೆನ್ಸನ್ನು ಕಣ್ಣಿಗೆ ಎಳೆದುಕೊಂಡ. ಅದು ಅಭ್ಯಾಸ. ಕೈ ಅದಾಗಿಯೇ ಹೋಯಿತು.

"ಏಳು," ಎಂದ.

"ನಿಮ್ಮ ಕಾಗದ ಬಂದ ದಿನವೇ ಹೊಸ ಅಚ್ಚು ಹಾಕಿಸಿದೆ. ನೀವು ಹನ್ನೊಂದು ತಪ್ಪು ಬರೆದಿದ್ದೀರಿ. ನಮ್ಮಿಂದ ತಿದ್ದೋಕೆ ಆದದ್ದು ನಾಲ್ಕು."

ಮೇಸ್ತ್ರಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆರಳಿನಿಂದ ಅಂಚು ಸವರಿದ.

"ಸ್ಕೀಗಳ ತುದಿ?"

"ಅದು ಆಗಿಲ್ಲ. ನಮ್ಮ ಹುಡುಗರಿಗೆ ಆ ಬಾಗು ಬರ್ತಿಲ್ಲ."

"ಬರಲ್ಲ. ಅದು ಒಂದೇ ಬಾಗಲ್ಲ. ಎರಡು."

"ನೀವು ಬೇಕು ಅಲ್ಲಿ." ಸ್ಕೋಟಾಕ್ ಗೋಡೆಯತ್ತ ಕೈ ತೋರಿಸಿದ. "ಇವೆಲ್ಲ ಮಾಡೋಣ. ಒಂದೊಂದಾಗಿ. ಆ ಚೆಂಡು, ಆ ಉಂಗುರ, ಎಲ್ಲ. ಪೆಟ್ಟಿಗೆ ಮೇಲೆ ನಿಮ್ಮ ಹೆಸರು. ನಿಮ್ಮನ್ನ ಕೊಲ್ಲೋಕೆ ಬಂದಿಲ್ಲ ನಾನು. ಕೊಂದರೆ ಇವನ್ನ ಮಾಡೋರು ಯಾರು?"

 ಸೂರಿನಿಂದ ಹಿಮ ಜಾರಿ ಬಿದ್ದ ಸದ್ದು. ಒಲೆಯೊಳಗೆ ಕಟ್ಟಿಗೆ ಕುಸಿಯಿತು. ನನ್ನ ವೃತ್ತಿಯಲ್ಲಿ ಮನುಷ್ಯರು ಮಾರಾಟವಾಗುವ ಕ್ಷಣಗಳನ್ನು ಬಹಳ ನೋಡಿದ್ದೇನೆ. ಸಾಮಾನ್ಯವಾಗಿ ಅವರು ಕಣ್ಣು ತಪ್ಪಿಸುತ್ತಾರೆ. ಕಲೋಸೆಕ್ ತಪ್ಪಿಸಲಿಲ್ಲ. ಅವನು ಗೋಡೆಯನ್ನೇ ನೋಡುತ್ತಿದ್ದ, ರೈಲು ತಡವಾದವನು ವೇಳಾಪಟ್ಟಿ ನೋಡುವಂತೆ.

"ಮೇಸ್ತ್ರಿ," ಎಂದೆ ನೆಲದಿಂದ. "ಇವನು ಓಟಾನ ಕೊಂದ. ನಿಮ್ಮ ಕಣ್ಣೆದುರಿಗೆ."

"ಗೊತ್ತಪ್ಪಾ."

"ಮತ್ತೆ?"

ಅವನು ನನ್ನತ್ತ ತಿರುಗಿದ. ಮುಖದಲ್ಲಿ ಹೆದರಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಕ್ಷಮಿಸಲು ಸುಲಭವಾಗುತ್ತಿತ್ತು.

"ಓಟಾ ಒಳ್ಳೆಯವನು. ಕೈ ತುಂಬ ಚೆನ್ನಾಗಿತ್ತು. ಆದರೆ ಅವನು ಮಾಡ್ತಿದ್ದದ್ದು ಎಲ್ಲರೂ ಮಾಡೋ ವಿಮಾನಗಳು. ಅವನ ಹತ್ರ ಎಷ್ಟು ಸಲ ಹೋಗಿದ್ದೆ ಗೊತ್ತಾ, ಈ ನಕ್ಷೆ ಹಿಡ್ಕೊಂಡು? ಇದನ್ನ ಯಾರು ಕೊಳ್ತಾರೆ ಮೇಸ್ತ್ರಿ ಅಂತ ನಗ್ತಿದ್ದ. ಎಲ್ಲರೂ ನಕ್ಕರು." ಲೆನ್ಸ್ ತೆಗೆದು ಜೇಬಿಗಿಟ್ಟ. "ನಂಗೆ ಅರವತ್ತೆಂಟು. ಕೈ ನಡುಗದೆ ಇನ್ನೆಷ್ಟು ವರ್ಷ?"

ಆಮೇಲೆ ಗೋಡೆಯಿಂದ ನಕ್ಷೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಮೂಲೆ ಹರಿಯದಂತೆ, ಬಲು ಜೋಪಾನವಾಗಿ. ಸ್ಕೋಟಾಕ್ ಸುರುಳಿ ಸುತ್ತಲು ಸಹಾಯ ಮಾಡಿದ.

ಬುರೆಶ್ ನನ್ನ ಕಾರಿನ ಕೀಲಿಯನ್ನು ಹಿಮದೊಳಗೆ ಎಸೆದ. ಹೋಗುವಾಗ, "ಕೈಗೆ ತಣ್ಣೀರು ಬೇಡ, ಉಗುರುಬೆಚ್ಚಗಿನದು ಹಾಕು," ಎಂದ. ಮೇಷ್ಟ್ರ ಬುದ್ಧಿ ಪೂರ್ತಿ ಹೋಗಿರಲಿಲ್ಲ.

ಸೋಮವಾರ. ಕೋರ್ಟು.

ಕಲೋಸೆಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಪ್ರಮಾಣ ಮಾಡಿದ. ಆ ದಿನ ಏನು ನೋಡಿದಿರಿ ಎಂದು ಸರ್ಕಾರಿ ವಕೀಲರು ಕೇಳಿದರು.

"ಏನೂ ಇಲ್ಲ. ಲೆನ್ಸ್ ಹಾಕ್ಕೊಂಡು ಕೆಲಸ ಮಾಡ್ತಿದ್ದೆ. ಲೆನ್ಸ್ ಇದ್ದಾಗ ಒಂದಡಿ ಆಚೆಗೆ ಎಲ್ಲ ಮಂಜು."

ನ್ಯಾಯಾಧೀಶರು ಕಡತದಿಂದ ತಲೆ ಎತ್ತಿದರು. "ಪೊಲೀಸರ ಹತ್ತಿರ ಬೇರೆ ಹೇಳಿದ್ದೀರಿ."

"ತಪ್ಪು ಹೇಳಿದ್ದೆ ಸ್ವಾಮಿ. ಈಗ ತಿದ್ತಾ ಇದೀನಿ."

ನಾನೂ ಎದ್ದು ನಿಂತೆ. ಬ್ಯಾಂಡೇಜು ಕಟ್ಟಿದ ಕೈ ತೋರಿಸಿದೆ. ಅದು ಬೇರೆ ಪ್ರಕರಣ, ಠಾಣೆಗೆ ಹೋಗಿ ದೂರು ಕೊಡಿ ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದು ಸ್ಕೋಟಾಕ್ ಬಿಡುಗಡೆಯಾಗಿದ್ದ. ಕಲೋಸೆಕ್ ಸ್ಕೋಟಾಕ್‌ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದ. ತೊಡೆಯ ಮೇಲೆ ನಕ್ಷೆಗಳ ಸುರುಳಿ ಇತ್ತು.

ಲಿಬುಶೆ ಹೊರಗಿನ ಮೆಟ್ಟಿಲಿನ ಮೇಲೆ ನಿಂತಿದ್ದಳು. ಗ್ಲೌಸ್ ಹಾಕಿಕೊಂಡಿರಲಿಲ್ಲ. ಬೆರಳುಗಳು ನೀಲಿಗಟ್ಟಿದ್ದವು.

"ಹೊಡೆದ್ರಾ ಅವರಿಗೆ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಹೇಗೆ? ಓಟಾ ಅವರನ್ನ ತಂದೆ ಥರ ನೋಡ್ತಿದ್ದ. ಭಾನುವಾರ ನಮ್ಮನೆಯಲ್ಲೇ ಊಟ ಮಾಡ್ತಿದ್ರು."

ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಎದುರಿನ ನಿಲ್ದಾಣದಲ್ಲಿ ಒಂದು ಟ್ರಾಮ್ ಬಂದು, ನಿಂತು, ಹೋಯಿತು. ಇನ್ನೊಂದು ಬಂತು.

"ಹೆದರಿಸಿದ್ರು," ಎಂದೆ. "ತುಂಬ ಹೆದರಿಸಿದ್ರು. ಮುದುಕರು ಪಾಪ, ಏನು ಮಾಡ್ತಾರೆ?"

ಅವಳು ತಲೆಯಾಡಿಸಿದಳು. ಕೊನೆಗೂ ಅತ್ತಳು.

ಆ ದಿನ ಕೋರ್ಟಿನ ಒಳಗೊಬ್ಬ, ಹೊರಗೊಬ್ಬ, ಸುಳ್ಳು ಹೇಳಿದವರು ಇಬ್ಬರು. ಪ್ರಮಾಣ ಮಾಡದೆ ಹೇಳಿದವನು ನಾನೊಬ್ಬನೇ.