ಬಾಗಿದ ಕೀಲಿಮಣಿ

“ಮೊದಲ ಆ ಪಟ್ಟಿ ತೆಗೀರಿ!”

ಪೂನಮಳ ದನಿಗೆ ಇಡೀ ವರ್ಕ್‌ಶಾಪ್ ತಿರುಗಿ ನೋಡಿತು. ಅವಳು ತಿಂಗಳುಗಟ್ಟಲೆ ಕೂತು ಮಾಡಿದ ಕೀಬೋರ್ಡಿನ ಮಾದರಿಯ ಮೇಲೆ ಯಾರೋ ಒಬ್ಬ ಸ್ಟೀಲಿನ ಅಳತೆಪಟ್ಟಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಇದು ನಡುವ ತಗ್ಗ ಬಿದ್ದದಲ್ರಿ...”

“ಬಿದ್ದಿಲ್ಲ. ನಾನೇ ತಗ್ಗಿಸೀನಿ!”

ಅವನ ಹೆಸರು ಕಾಂತೇಶ. ಸೊಲ್ಲಾಪುರದ ಆ ಸಣ್ಣ ಕಂಪನಿಗೆ ಸರ್ಕಿಟ್ ಕೆಲಸಕ್ಕೆ ಅವತ್ತೇ ಸೇರಿದವನು. ಮೊದಲ ದಿನ ಬಂದವನು ಚಹಾ ಕುಡಿದು ಸುಮ್ಮನೆ ಕೂರಬಾರದೇ? ಇಲ್ಲ, ನೆಟ್ಟಗೆ ಹೋಗಿ ಪೂನಮಳ ಮಾದರಿಗೇ ಕೈ ಹಾಕಬೇಕಿತ್ತೇ!

“ಕೈ ಕೊಡ್ರಿ ಇಲ್ಲಿ.”

ಅವನು ಅನುಮಾನಿಸಿದ. ಅವಳೇ ಮಣಿಕಟ್ಟು ಹಿಡಿದು ಅವನ ಅಂಗೈಯನ್ನು ಆ ತಗ್ಗಿನ ಮೇಲೆ ಇಟ್ಟಳು.

“ನಡುಬೆರಳು ಉದ್ದ, ಅದಕ್ಕ ಅದರ ಸಾಲು ಆಳ. ಕಿರಿಬೆರಳು ಗಿಡ್ಡ, ಅದಕ್ಕ ಅದರ ಸಾಲು ಮ್ಯಾಲೆ. ಐದು ಬೆರಳು ಸಮ ಇರೂದಿಲ್ಲ ಅಂತ ಎಲ್ಲಾರೂ ಹೇಳ್ತಾರ. ಕೀಬೋರ್ಡ್ ಮಾಡೂಮುಂದ ಮಾತ್ರ ಎಲ್ಲಾ ಸಪಾಟ! ಯಾಕ್ರೀ? ಬಾಗೂದಿದ್ರ ಅದು ಬಾಗ್ಲಿ. ಕೈ ಯಾಕ ಬಾಗಬೇಕು?”

ಕಾಂತೇಶ ಬೆರಳು ಆಡಿಸಿ ನೋಡಿದ. ಎಲ್ಲೂ ಎಳೆಯಲಿಲ್ಲ, ಎಲ್ಲೂ ಚಾಚಬೇಕಾಗಲಿಲ್ಲ.

“ಕೀಲಿಮಣಿ ಭಾಳ ಚೊಲೋ ಅದ್ರಿ,” ಅಂದ.

“ಏನಂದ್ರಿ? ಮಣಿ? ಕೂತು ಉಣ್ಣೂ ಮಣಿಯೇನು?” ಪೂನಮ ಕಿಸಕ್ಕನೆ ನಕ್ಕಳು.

“ನಾ ಅಕ್ಕಲಕೋಟ್ಯಾಗ ಕನ್ನಡ ಸಾಲಿ ಕಲ್ತಾವ್ರಿ. ನಮ್ಮ ಮಾಸ್ತರು ಹಂಗೇ ಅಂತಿದ್ರು.”

“ನಾ ಮರಾಠಿ ಸಾಲ್ಯಾಗ ಕಲ್ತಾಕಿ. ಕೀಬೋರ್ಡ್ ಅನ್ರಿ, ಸಾಕು.”

ಆಮೇಲೆ ನೋಡಿದರೆ ಅವನ ಮಣಿಕಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು. ಥಟ್ಟನೆ ಬಿಟ್ಟಳು. ಕೆನ್ನೆ ಮಾತ್ರ ಮಧ್ಯಾಹ್ನದ ತನಕ ಬಿಸಿಯಾಗಿಯೇ ಇತ್ತು...

ಕೆಲವು ವಾರಗಳಲ್ಲೇ ಊಟದ ಹೊತ್ತಿಗೆ ಅವಳ ಡಬ್ಬಿಯ ರೊಟ್ಟಿ, ಅವನ ಡಬ್ಬಿಯ ಶೇಂಗಾ ಚಟ್ನಿ ಒಂದಾದವು. ಮನೆಯಲ್ಲಿ ನಡೆಯುವ ಜಗಳವನ್ನೂ ಅವಳು ಅವನಿಗೆ ಹೇಳಿದಳು. ತಮ್ಮೂರು ತಡವಳದಿಂದ ಅವಳು ದಿನಾ ಸೊಲ್ಲಾಪುರಕ್ಕೆ ಬರುವುದು ಅಪ್ಪ ಕಲ್ಯಾಣಪ್ಪನಿಗೆ ಸುತರಾಂ ಒಪ್ಪಿಗೆ ಇರಲಿಲ್ಲ.

ಕಾಂತೇಶ ಎಲ್ಲ ಕೇಳುತ್ತಿದ್ದ. ಮಾತು ಮಾತಿಗೂ ‘ರಿ’ ಹಚ್ಚುತ್ತಿದ್ದ. ‘ಈ ರಿ ಎಂದು ಬಿಡ್ತಾನೋ ಪುಣ್ಯಾತ್ಮ,’ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಿತ್ತು.

ಆದರೆ ಅವನು ಬಿಟ್ಟದ್ದು ಬಾಂಬು!

ಒಂದು ಸಂಜೆ ಮಾಲೀಕರಾದ ಅಂಬಾದಾಸ ಸರ್ ಎದುರಿಗೇ ಕಾಂತೇಶ ಹೇಳಿಬಿಟ್ಟ. “ಸರ್, ನಮ್ಮ ಸರ್ಕಿಟ್ ಬೋರ್ಡ್ ಬಾಗೂದಿಲ್ರಿ. ಬಾಗಿಸಿದ್ರ ಮುರೀತದ.”

“ಹಂಗಾರ ಸಪಾಟ ಮಾಡ್ರಿ!” ಅಂದರು ಸರ್. “ಇಂಥಾ ವಾಕಡಾ, ಸೊಟ್ಟ ಮಾಲ್ ಯಾರ ತಗೋತಾರ? ನಾಳಿ ಪುಣೆ ಗಿರಾಕಿ ಬರ್ತಾರ. ನಡೆಯೂವಂಥಾದ್ದು ತೋರಸಬೇಕು. ಇಲ್ಲಂದ್ರ ಇದನ್ನ ಇಲ್ಲಿಗೇ ಬಿಡೂಣು.”

ಪೂನಮ ಕಾಂತೇಶನ ಮುಖ ನೋಡಿದಳು. ಅವನು ಏನೋ ಯೋಚಿಸುತ್ತ ನೆಲ ನೋಡುತ್ತಿದ್ದ. ಒಂದು ಮಾತು... ಒಂದೇ ಒಂದು ಮಾತು ಅವಳ ಪರ ಆಡಬಾರದಿತ್ತೇ?

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇ ಹೋದಳು.

ಮನೆಗೆ ಬಂದರೆ ಇನ್ನೊಂದು ಪಂಚಾಯ್ತಿ ಕಾದಿತ್ತು.

“ನಾಳಿಂದ ಸಾಕು,” ಅಂದರು ಕಲ್ಯಾಣಪ್ಪ. “ನಮ್ಮಂಥಾ ಮನಿತನದ ಹುಡುಗಿ ದಿನಾ ಬಸ್ಸಿನ್ಯಾಗ ಜೋತಾಡೂದು ಚಂದ ಕಾಣೂದಿಲ್ಲ. ಮನಿ ಬಿಡಬ್ಯಾಡ.”

ಅವಳು ಉತ್ತರ ಕೊಡುವಷ್ಟರಲ್ಲಿ ಮೊಬೈಲ್ ಸದ್ದಾಯಿತು. ಕಾಂತೇಶನ ಮೆಸೇಜು. ಅವಳಿಗೆ ಕನ್ನಡ ಓದಲು ಬಾರದೆಂದು ಅವನು ಯಾವಾಗಲೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದ.

“Mani bidabyad.”

ಮನಿ ಬಿಡಬ್ಯಾಡ!

ಪೂನಮಳ ಕಣ್ಣಿಗೆ ಕತ್ತಲೆ ಕಟ್ಟಿತು. ‘ಇವನೂ! ಇವನೂ ಅಪ್ಪನಂಗೇ! ಮಾದರಿ ಸಪಾಟ ಮಾಡಿದ್ದು ಸಾಲದು ಅಂತ ನನ್ನೂ ಸಪಾಟ ಮಾಡಾಕ ಹೊಂಟಾನ!’ ಅದೂ ‘ರಿ’ ಇಲ್ಲದೆ! ಇಷ್ಟು ದಿನ ಕಾದ ಸಲಿಗೆ ಬಂದದ್ದು ಇಂಥ ಮಾತಿನ ಬೆನ್ನೇರಿ. ಅವಳು ಉತ್ತರ ಬರೆಯಲಿಲ್ಲ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಅದರಿಂದ ಅಳು ಹೇಗೋ ನಿಂತಿತು.

ಬೆಳಗ್ಗೆ ಎದ್ದವಳು ಅಪ್ಪನ ಎದುರು ಹೋಗಿ ನಿಂತಳು.

“ಅಪ್ಪಾ, ನಾ ಮನಿ ಬಿಡಾಕತ್ತಿಲ್ಲ. ಸಂಜಿಗಿ ಬರ್ತೀನಿ. ಆದ್ರ ಕೆಲಸ ಬಿಡೂದಿಲ್ಲ. ಯಾರು ಹೇಳಿದ್ರೂ ಬಿಡೂದಿಲ್ಲ!”

ಕಲ್ಯಾಣಪ್ಪ ಎತ್ತಲೋ ನೋಡಿದರು. ಅವ್ವ ಗುರಮ್ಮ ರೊಟ್ಟಿಯ ಡಬ್ಬಿ ತಂದು ಮಗಳ ಬ್ಯಾಗಿಗೆ ಹಾಕಿದಳು. ಆ ಡಬ್ಬಿಯನ್ನೇ ನೋಡುತ್ತ ಕಲ್ಯಾಣಪ್ಪ ಗೊಣಗಿದರು. “ಸಂಜಿ ಬಸ್ ತಪ್ಪಸಬ್ಯಾಡ ಮತ್ತ.”

ಅಕ್ಕಲಕೋಟೆಯಲ್ಲಿ ಬಸ್ ಬದಲಿಸುವಾಗಲೂ ಅವಳು ಕಾಂತೇಶನಿಗೆ ಬೈಗುಳ ಜೋಡಿಸುತ್ತಲೇ ಇದ್ದಳು.

“ಯಾರ್ರೀ ನೀವು ನಂಗ ಹೇಳಾವ್ರು?” ವರ್ಕ್‌ಶಾಪಿನ ಬಾಗಿಲಲ್ಲೇ ಶುರುವಾಯಿತು. “ಮನಿ ಬಿಡಬ್ಯಾಡ ಅನ್ನಾಕ ನೀವ್ಯಾರು? ನಮ್ಮಪ್ಪ ಒಬ್ಬಾಂವ ಸಾಲೂದಿಲ್ಲೇನು?”

ಕಾಂತೇಶ ಕಣ್ಣುಜ್ಜಿದ. ರಾತ್ರಿಯೆಲ್ಲ ಮಲಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

“ಮನಿ? ನಾ ಯಾವಾಗ ಅಂದೆ?”

ಅವಳು ಮೊಬೈಲ್ ಅವನ ಮೂಗಿಗೆ ಹಿಡಿದಳು. ಅವನು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ತಲೆಯ ಮೇಲೆ ಕೈ ಹೊತ್ತುಕೊಂಡ.

“ಅಯ್ಯ ದೇವರೇ... ಅದು ಮನಿ ಅಲ್ರಿ! ಮಣಿ! ಕೀಲಿಮಣಿ! ಸರ್ ಏನರ ಅನ್ಲಿ, ನಿಮ್ಮ ಮಣಿ ಬಿಡಬ್ಯಾಡ ಅಂತ ಬರದಿದ್ದೆ!”

ಪೂನಮ ಇನ್ನೊಮ್ಮೆ ಮೊಬೈಲ್ ನೋಡಿದಳು.

ಅವನು ಮೇಜಿನ ಮೇಲಿದ್ದ ಮಾದರಿಯನ್ನು ಮಗುಚಿ ತೋರಿಸಿದ. ಬಾಗಿದ ಬೆನ್ನು ಹಾಗೇ ಇತ್ತು. ಸರ್ಕಿಟ್ ಬೋರ್ಡಿನ ಬದಲು ಒಂದೊಂದು ಕೀಲಿಗೂ ಬಿಡಿ ತಂತಿ ಬೆಸೆದಿದ್ದ. ಕೆಂಪು, ಹಳದಿ ತಂತಿಗಳು ತಗ್ಗಿನ ಗುಂಟ ಬಾಗಿ ಹೋಗಿದ್ದವು.

“ಬೋರ್ಡ್ ಬಾಗೂದಿಲ್ಲ ಅಂದಿದ್ದೆ. ಖರೇನ ಅದು. ಕೀಲಿಮಣಿ ಬಾಗಬಾರದು ಅಂದಿದ್ನೇನು?”

ಅವಳು ಮೊಬೈಲ್ ಬದಿಗಿಟ್ಟಳು. ತಗ್ಗಿನಲ್ಲಿ ಕೈಯಿಟ್ಟು ಬೆರಳು ಒತ್ತಿದಳು. ಪರದೆಯ ಮೇಲೆ ಅಕ್ಷರ ಮೂಡಿತು. ನಡೀತು... ಅವಳ ಕೀಬೋರ್ಡು ನಡೀತು!

ಪುಣೆಯಿಂದ ಬಂದ ಗಿರಾಕಿ ಮೇಡಂ ಅದರ ಮೇಲೆ ಟೈಪ್ ಮಾಡಲು ಕೂತವರು ಚಹಾ ಆರಿದರೂ ಏಳಲಿಲ್ಲ. “ಆಕಾರ ಮಾತ್ರ ಬದಲು ಮಾಡಬೇಡಿ,” ಎಂದು ಮರಾಠಿಯಲ್ಲಿ ಕಟ್ಟಪ್ಪಣೆ ಮಾಡಿದರು. “ನಾ ಮೊದಲೇ ಹೇಳಿದ್ದಿಲ್ಲೇನು, ಇದು ಬಾಗಿದ್ರೇ ಚಂದ!” ಅಂದರು ಅಂಬಾದಾಸ ಸರ್. ನಗು ತಡೆಯಲಾರದೆ ಪೂನಮ ಹೊರಗೆ ಓಡಿದಳು. ಕಾಂತೇಶ ಹಿಂದೆಯೇ ಬಂದ.

“ಹೆಬ್ಬೆರಳಿನ ಕೆಳಗ ಒಂದು ಕೀಲಿ ಖಾಲಿ ಬಿಟ್ಟೀರಲ್ರಿ, ಅದಕ್ಕ ಏನ ಹಾಕೂಣು?” ಅಂದ.

“ಣ. ಇಂಗ್ಲಿಷಿನ್ಯಾಗ ಅದೊಂದಕ್ಷರ ಇದ್ದಿದ್ರ ರಾತ್ರಿ ನಂಗೂ ನಿದ್ದಿ ಬರ್ತಿತ್ತು.”

ಅವನು ನಕ್ಕ. ಅವಳು ನಗಲಿಲ್ಲ. ಅವನ ಕಣ್ಣನ್ನೇ ನೋಡಿದಳು.

“ಆ ಮೆಸೇಜಿನ್ಯಾಗ ‘ರಿ’ನೂ ಇದ್ದಿದ್ದಿಲ್ಲ. ಅದೂ ಅಕ್ಷರದ ತಪ್ಪೇನು?”

ಕಾಂತೇಶನ ಕಿವಿ ಕೆಂಪಾದವು.

“ಇಲ್ಲ,” ಅಂದ. “ಣ ನನ್ನ ಕೈಯಾಗ ಇರಲಿಲ್ಲ. ‘ರಿ’ ನಾ ಬೇಕಂತಲೇ ಬಿಟ್ಟೆ. ಭಾಳ ದಿನದಿಂದ ಬಿಡಬೇಕಂತಿದ್ದೆ... ನಿನ್ನ ಮ್ಯಾಲೆ ಜೀವ ಅದ, ಪೂನಮ.”

ಅವಳು ಗದ್ದ ಮೇಲೆತ್ತಿ ನಿಂತಳು.

“ನಾ ಕೆಲಸ ಬಿಡೂದಿಲ್ಲ. ಯಾರ ಸಲುವಾಗೂ ಸಪಾಟ ಆಗೂದಿಲ್ಲ.”

“ಆಗಬ್ಯಾಡ.”

“ಹಂಗಾರ ನಾನೂ ‘ರಿ’ ಬಿಡ್ತೀನಿ. ನಾಲ್ಕು ಮಂದಿ ಎದುರಿಗೂ ಬಿಡ್ತೀನಿ!”

“ಬಿಡು.”

ಪೂನಮ ತನ್ನ ಕೈ ಮುಂದೆ ಚಾಚಿದಳು.

“ಕಾಂತೇಶ, ಬಾ. ರೊಟ್ಟಿ ಆರಾಕತ್ತಾವ.”