ಹಡಗಿನವರಿಗೆ ತೋರಿಸುವ ಮನೆ

2025ರ ಫೆಬ್ರವರಿ 12, ಬುಧವಾರ. ಬೆಳಿಗ್ಗೆ ಆರು ಐವತ್ತಕ್ಕೆ ಮುಳಬಾಗಿಲಿನ ಠಾಣೆಗೆ ಬಂದ ಅನಿಲ್‌ಕುಮಾರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಿಳಿ ಬೂಟಿಗೆಲ್ಲ ಬೂದಿ ಮೆತ್ತಿತ್ತು. ಕತ್ತಿನಲ್ಲಿ ಪ್ರವಾಸದ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು.

"ಮೇಡಂ, ನಮ್ಮ ಮನೆಗೆ ಬೆಂಕಿ ಇಟ್ಟಿದಾರೆ. ಹತ್ತು ಗಂಟೆಗೆ ಇಪ್ಪತ್ತೆರಡು ಜನ ಗೆಸ್ಟ್ ಬರ್ತಾರೆ. ಏನ್ ತೋರಿಸ್ಲಿ ನಾನು?"

"ಒಳಗೆ ಯಾರಾದ್ರೂ ಇದ್ರಾ?" ಎಂದರು ಇನ್‌ಸ್ಪೆಕ್ಟರ್ ವಾಣಿಶ್ರೀ.

"ಒಂದು ಅಜ್ಜಿ ಇತ್ತು. ಆಂಬುಲೆನ್ಸಲ್ಲಿ ಕೋಲಾರಕ್ಕೆ ಕಳಿಸಿದೀವಿ."

"ಅದನ್ನ ಮೊದಲು ಹೇಳ್ಬೇಕು ಕಣ್ರೀ."

ಭಾರತೀಯ ನ್ಯಾಯ ಸಂಹಿತೆಯ ಕಲಂ 326(ಜಿ) ಅಡಿ ಎಫ್‌ಐಆರ್ ದಾಖಲಾಯಿತು. ವಾಸದ ಮನೆಗೆ ಬೆಂಕಿ ಹಚ್ಚಿದ ಅಪರಾಧ. ಆದರೆ ಆ ಮನೆಯಲ್ಲಿ ಯಾರೂ ವಾಸವಿರಲಿಲ್ಲ ಎಂಬುದು ಜೀಪು ದೇವರಾಯಸಮುದ್ರ ದಾಟಿ ಸೀಗೇಕುಂಟೆ ತಲುಪುವಷ್ಟರಲ್ಲಿ ವಾಣಿಶ್ರೀಗೆ ತಿಳಿದುಹೋಯಿತು.

ಸಂಗತಿ ಇಷ್ಟೇ. 'ಕೋರಲ್ ಹೆರಾನ್' ಎಂಬ ಸಣ್ಣ ಐಷಾರಾಮಿ ಹಡಗು ಚಳಿಗಾಲದಲ್ಲಿ ಚೆನ್ನೈಗೂ ಕೊಲಂಬೋಗೂ ಓಡಾಡುತ್ತದೆ. ತೊಂಬತ್ತು ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ಸಿಬ್ಬಂದಿ. ಹಡಗು ದಡ ಸೇರಿದಾಗ ಬೇಕಾದವರನ್ನು ಬಸ್ಸಿನಲ್ಲಿ ಕರೆತಂದು, ಮುಳಬಾಗಿಲಿನ ಹೋಟೆಲಿನಲ್ಲಿ ಒಂದು ರಾತ್ರಿ ಉಳಿಸಿ, ಬೆಳಿಗ್ಗೆ 'ನಿಜವಾದ ಹಳ್ಳಿ'ಯನ್ನು ತೋರಿಸುತ್ತಾರೆ. ಹಳ್ಳಿ ಎಂದರೆ ವೆಂಕಟರಾಯಪ್ಪನ ನಾಡಹೆಂಚಿನ ಹಳೇ ಮನೆ. ಅವನೂ ಹೆಂಡತಿ ಭಾರತಮ್ಮನೂ ವಾಸವಿರುವುದು ಊರ ಆ ತುದಿಯ ಆರ್‌ಸಿಸಿ ಮನೆಯಲ್ಲಿ. ಬಸ್ಸು ಬರುವ ದಿನ ಮಾತ್ರ ಭಾರತಮ್ಮ ಗ್ಯಾಸ್ ಒಲೆ ಬಿಟ್ಟು ಇಲ್ಲಿಗೆ ಬಂದು, ಬಣ್ಣಗೆಟ್ಟ ಸೀರೆ ಉಟ್ಟು, ಸೌದೆ ಒಲೆಯ ಮುಂದೆ ಮುದ್ದೆ ತಿರುವಬೇಕು. ಹಿಂದಿನ ಕಕ್ಕಸು ಫೋಟೊದಲ್ಲಿ ಬೀಳುತ್ತದೆಂದು ಅನಿಲ್‌ಕುಮಾರ್ ಅದಕ್ಕೆ ಗರಿಯ ತಟ್ಟಿ ಕಟ್ಟಿಸಿದ್ದ.

ಸುಟ್ಟ ಮನೆಯೊಳಗೆ ಹೋಗುವಾಗ ವಾಣಿಶ್ರೀಯವರ ಹಣೆಗೆ ಬಾಗಿಲವಾಡ ಟಣ್ಣೆಂದು ಬಡಿಯಿತು. ಹಿಂದೆ ಬಂದ ಕಾನ್‌ಸ್ಟೆಬಲ್ ಭೀಮರಾಜನ ಟೋಪಿ ಬಿತ್ತು.

"ಇದನ್ನೂ ಪಂಚನಾಮೇಲಿ ಬರ್ಕೊಳ್ಳಾ ಮೇಡಂ?"

"ಬರ್ಕೊ. ಬಾಗಿಲು ಬರೀ ಐದಡಿ."

ಜಂತೆಗಳು ಬೆಂದು ಕುಸಿದಿದ್ದವು. ರೇಷ್ಮೆ ಹುಳುವಿನ ಕೋಣೆಯಲ್ಲಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಬೂದಿಯಾಗಿದ್ದವು. ಅವುಗಳ ಹಿಂದಿನ ಮೂಲೆಯಲ್ಲೇ ವೆಂಕಟರಾಯಪ್ಪನ ತಾಯಿ ದೊಡ್ಡಗಂಗಮ್ಮ ಸಿಕ್ಕಿದ್ದು. ಹೊಸಲಿನ ಬಳಿ ಪೆಟ್ರೋಲಿನ ವಾಸನೆ ಇನ್ನೂ ಆರಿರಲಿಲ್ಲ. ವಾಣಿಶ್ರೀ ಹೆಚ್ಚು ಹೊತ್ತು ನಿಂತದ್ದು ಮಾತ್ರ ಅಂಗಳದ ಖಾಲಿ ಗೂಟದ ಮುಂದೆ. ಬಸ್ಸಿನವರಿಗೆ ಕಾಣಲೆಂದು ಅಲ್ಲಿ ಕಟ್ಟುತ್ತಿದ್ದ ಹಸುವನ್ನು ಯಾರೋ ಬಿಚ್ಚಿ, ದೂರದ ಹೊಂಗೆ ಮರಕ್ಕೆ ಕಟ್ಟಿದ್ದರು. ಮುಂದೆ ಒಂದು ಹಿಡಿ ಹುಲ್ಲು ಬೇರೆ.

ಊರವರ ಅನುಮಾನ ಪಕ್ಕದ ಮನೆಯ ಮುನಿಯಲ್ಲಪ್ಪನ ಮೇಲಿತ್ತು.

"ಏನ್ಲಾ, ಬಸ್ ಬಂದ್ರೆ ನಿನ್ ಹೊಟ್ಟೆ ಉರೀತಿತ್ತಂತೆ?" ಎಂದ ಭೀಮರಾಜ.

"ಉರೀದೇ ಇರ್ತದಾ ಸಾಮಿ? ನಮ್ಮನೆ ಅವರದಕ್ಕಿಂತ ಹಳೇದು. ಗೋಡೆ ಇವತ್ತೋ ನಾಳೆನೋ ಬೀಳೋ ಹಂಗೈತೆ. ಆ ಅನಿಲಪ್ಪ ಇಣುಕಿ ನೋಡಿ, ಪ್ಲಾಸ್ಟಿಕ್ ಕುರ್ಚಿ ಐತೆ, ಬ್ಯಾಡ ಅಂದ."

"ಅದಕ್ಕೇ ಬೆಂಕಿ ಇಟ್ಯಾ?"

"ನಾನು ಇಟ್ಟಿದ್ರೆ ಆ ಹಸು ಬಿಚ್ತಿದ್ನಾ? ಎರಡು ವರ್ಷದಿಂದ ನಮ್ಮ ರಾಗಿ ಮೇಯ್ತಾ ಐತೆ. ಮೊದಲು ಅದನ್ನೇ ಸುಡ್ತಿದ್ದೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಸುವಿನ ಮೇಲೆ ಮಮತೆ ಇದ್ದು ಮನೆಯ ಮೇಲೆ ಮಾತ್ರ ಸಿಟ್ಟಿದ್ದವನು ಆ ಮನೆಯವನೇ ಆಗಿರಬೇಕು ಎಂದುಕೊಂಡರು ವಾಣಿಶ್ರೀ. ಆದರೆ ವೆಂಕಟರಾಯಪ್ಪ, ಭಾರತಮ್ಮ ಇಬ್ಬರೂ ನಸುಕಿನಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಲು ತೋಟಕ್ಕೆ ಹೋಗಿದ್ದರು. ನೋಡಿದವರು ನಾಲ್ಕು ಜನ ಇದ್ದರು.

"ಅಜ್ಜಿ ಇಲ್ಲಿ ಯಾಕೆ ಮಲಗಿದ್ಲು?"

"ವಯಸ್ಸಾದೋಳು ಮೇಡಂ, ಎಲ್ಲೆಲ್ಲೋ ಮಲಗ್ತಾಳೆ," ಎಂದ ವೆಂಕಟರಾಯಪ್ಪ. "ರಾತ್ರಿ ಹೊಸ ಮನೆ ಜಗಲಿ ಮೇಲಿದ್ಲು. ಬೆಳಿಗ್ಗೆ ಕಂಬಳಿ ಉಬ್ಬಿತ್ತು, ಅದ್ರೊಳಗೇ ಇದಾಳೆ ಅಂದ್ಕೊಂಡ್ವಿ."

"ಮಕ್ಕಳು?"

"ಒಬ್ಬನೇ. ನಂದೀಶ ಅಂತ. ದುಬೈನಾಗೆ ಹೋಟೆಲ್ ಕೆಲಸ." ಉತ್ತರ ಬಂದದ್ದು ಭಾರತಮ್ಮನಿಂದ, ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ.

ಮಧ್ಯಾಹ್ನ ಅನಿಲ್‌ಕುಮಾರನ ಫೋನು ಇಸಿದುಕೊಂಡು, ಮನೆಗೆ ಬಂದುಹೋಗುತ್ತಿದ್ದವರು ಯಾರು ಯಾರೆಂದು ವಾಣಿಶ್ರೀ ವೀಡಿಯೊಗಳನ್ನು ನೋಡತೊಡಗಿದರು. ಜನವರಿಯ ತಂಡದ್ದು. ಪ್ರಯಾಣಿಕರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಅನಿಲ್‌ಕುಮಾರ್ ಬಾಗಿಲಲ್ಲಿ ನಿಂತು ತಲೆ ಜೋಪಾನ ಎಂದು ಇಂಗ್ಲಿಷಿನಲ್ಲಿ ಕೂಗುತ್ತಾನೆ. ಆದರೂ ಒಬ್ಬರಾದ ಮೇಲೊಬ್ಬರು ಬಡಿಸಿಕೊಂಡು ಓ ಎನ್ನುತ್ತಾರೆ. ಭೀಮರಾಜ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಕೊನೆಯಲ್ಲಿ ಹಡಗಿನ ಸಮವಸ್ತ್ರದ ಒಬ್ಬ ಹುಡುಗ ಎರಡೂ ಕೈಯಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದು ಬಂದ. ಕಣ್ಣು ತಟ್ಟೆಯ ಮೇಲಿತ್ತು. ಬಾಗಿಲ ಬಳಿ ಅವನ ತಲೆ ತಾನಾಗಿ ಬಾಗಿತು, ದಾಟಿದ ಕೂಡಲೇ ಎದ್ದಿತು. ಒಂದು ಹನಿ ನೀರೂ ತುಳುಕಲಿಲ್ಲ.

"ಇನ್ನೊಂದ್ಸಲ ಹಾಕು."

ಎರಡನೇ ಸಲ ವಾಣಿಶ್ರೀ ಅವನನ್ನು ಬಿಟ್ಟು ಒಲೆಯ ಕಡೆ ನೋಡಿದರು. ಭಾರತಮ್ಮ ಇಡೀ ತಂಡಕ್ಕೆ ಕೈಮುಗಿದಳು, ಎಲ್ಲರ ಮುಖ ನೋಡಿ ನಕ್ಕಳು. ಅವನೊಬ್ಬನ ಕಡೆ ಮಾತ್ರ ತಿರುಗಲಿಲ್ಲ.

"ಇವನು ಯಾರ್ರೀ?"

ಅನಿಲ್‌ಕುಮಾರ್ ಬೆವರೊರೆಸಿಕೊಂಡ. "ಹಡಗಿನ ಕ್ಯಾಬಿನ್ ಸ್ಟೀವರ್ಡ್ ಮೇಡಂ, ರೂಮು ನೋಡ್ಕೊಳ್ಳೋ ಹುಡುಗ. ನ್ಯಾಂಡಿ ಅಂತ. ತಂಡದ ಜೊತೆ ಕಳಿಸ್ತಾರೆ."

"ನ್ಯಾಂಡಿನೋ ನಂದೀಶನೋ?"

ಅವನು ಕತ್ತಿನ ಗುರುತಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಎಲ್ಲ ಒಟ್ಟಿಗೆ ಬಂತು. ಮನೆ ತೋರಿಸಿದ್ದೇ ನಂದೀಶ. ಹಳೇ ಮನೆ ಖಾಲಿ ಬಿದ್ದಿದೆ, ಅಪ್ಪ ಅಮ್ಮನಿಗೂ ಆಸರೆಯಾಗುತ್ತದೆ ಎಂದಿದ್ದ. ಅನಿಲ್‌ಕುಮಾರ್ ಒಪ್ಪಿದ, ಒಂದೇ ಷರತ್ತು. ಮಗನೆಂದು ಯಾರಿಗೂ ತಿಳಿಯಬಾರದು. ಈ ಮನೆಯವರು ಸಮುದ್ರವನ್ನೇ ಕಂಡಿಲ್ಲ ಎಂದು ಅನಿಲ್‌ಕುಮಾರ್ ಬಸ್ಸಿನಲ್ಲಿ ಕತೆ ಹೇಳುತ್ತಿದ್ದ.

"ಇದೊಂದು ಹಡಗಿನೋರಿಗೆ ಗೊತ್ತಾದ್ರೆ ನನ್ ಕತೆ ಮುಗೀತು ಮೇಡಂ."

"ಈಗೆಲ್ಲಿದಾನೆ?"

"ತಂಡದ ಜೊತೆ ಚೆನ್ನೈಗೆ ಹೊರಟ. ನಾಳೆ ಸಂಜೆ ಐದಕ್ಕೆ ಹಡಗು ಕೊಲಂಬೋಗೆ ಹೋಗ್ತದೆ."

ಸಾಯಂಕಾಲದೊಳಗೆ ಭೀಮರಾಜ ಎರಡು ಸಾಕ್ಷ್ಯ ತಂದ. ಹೋಟೆಲಿನ ಕಾವಲುಗಾರ ನಸುಕಿನಲ್ಲಿ ನಂದೀಶನಿಗೆ ತನ್ನ ಬೈಕು ಕೊಟ್ಟಿದ್ದ. "ಅಲ್ಲೀವರ್ಗೂ ಇಂಗ್ಲಿಷ್ ಬಿಟ್ಟು ಬ್ಯಾರೆ ಮಾತೇ ಆಡಿರ್ಲಿಲ್ಲ ಸಾರ್. ಇವತ್ತು ಬಂದು, ಅಣ್ಣಾ ಗಾಡಿ ಕೊಡಣ್ಣಾ, ಹಿಂಗೋಗಿ ಹಂಗ್ ಬರ್ತೀನಿ ಅಂದ. ನಮ್ಮೋನೇ ಅಂತ ಕೊಟ್ಟೆ." ಬೈಪಾಸಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅದೇ ಬೈಕು, ಅದೇ ಮುಖ, ಕೈಯಲ್ಲಿ ನೀರಿನ ಬಾಟಲಿ.

ಗುರುವಾರ ಆರು ಗಂಟೆಗೆ ಜೀಪು ಹೊರಟಿತು. ಹಡಗು ಹೊರಟುಬಿಟ್ಟರೆ ಅವನು ಕೈಗೆ ಸಿಗುವುದು ಯಾವ ದೇಶದಲ್ಲೋ, ಯಾವ ವರ್ಷವೋ. ರಾಣಿಪೇಟೆಯ ಹತ್ತಿರ ಫೋನು ಬಂತು: ದೊಡ್ಡಗಂಗಮ್ಮ ತೀರಿಕೊಂಡಿದ್ದಾಳೆ. ಕೊನೆಯವರೆಗೂ ಅವಳಿಗೆ ಪ್ರಜ್ಞೆ ಬಂದಿರಲಿಲ್ಲ. ವಾಣಿಶ್ರೀ ಕಲಂ 105 ಸೇರಿಸಲು ಠಾಣೆಗೆ ಹೇಳಿದರು. ಕೊಲೆಯಲ್ಲದ ನರಹತ್ಯೆ.

ಬಂದರಿನ ಪೊಲೀಸರು, ಕಾವಲು ಪಡೆಯವರು, ವಲಸೆ ಅಧಿಕಾರಿಗಳು ಎಲ್ಲರಿಗೂ ಪತ್ರ ಕೊಟ್ಟು ಹಡಗಿನ ಬುಡ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಮಹಾಬಲಿಪುರಂ ನೋಡಿ ಬಂದ ಪ್ರಯಾಣಿಕರು ಬಸ್ಸಿನಿಂದ ಇಳಿಯುತ್ತಿದ್ದರು. ಹಡಗಿನ ಮೆಟ್ಟಿಲ ಬಳಿ ಕೆಂಪು ಜಮಖಾನೆ ಹಾಸಿ, ಒಬ್ಬ ಅವರ ಬೂಟಿನ ಧೂಳು ಒರೆಸುತ್ತಿದ್ದ, ಒಬ್ಬಳು ಪಾನಕದಂಥದೇನೋ ಕೊಡುತ್ತಿದ್ದಳು. ಮೂರನೆಯವನು ಇಕ್ಕಳದಿಂದ ತಣ್ಣನೆಯ ಒದ್ದೆ ಟವೆಲ್ ಎತ್ತಿ ಒಬ್ಬೊಬ್ಬರ ಕೈಗಿಡುತ್ತಿದ್ದ. ಮಫ್ತಿಯಲ್ಲಿದ್ದ ವಾಣಿಶ್ರೀಯವರ ಕೈಗೂ ಒಂದು ಇಟ್ಟ.

"ವೆಲ್‌ಕಮ್ ಬ್ಯಾಕ್, ಮ್ಯಾಮ್."

"ನಂದೀಶ, ಸೀಗೇಕುಂಟೆಯಿಂದ ಬಂದಿದೀನಿ."

ಇಕ್ಕಳ ತಟ್ಟೆಗೆ ಬಿತ್ತು. ಅವನು ಓಡಲಿಲ್ಲ. ಹಡಗಿನ ಅಧಿಕಾರಿಯೊಬ್ಬ ಓಡಿಬಂದು, ದಯವಿಟ್ಟು ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಕಸ ಇಳಿಸುವ ಬಾಗಿಲ ಕಡೆಯಿಂದ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡ. ಬಂಧನದ ಮೆಮೊಗೆ ಸಹಿ ಬಿದ್ದದ್ದು ಅಲ್ಲಿ, ಖಾಲಿ ಶಾಂಪೇನ್ ಬಾಟಲಿಗಳ ಡಬ್ಬದ ಮೇಲೆ. ಹೊತ್ತು ಒಂದು ನಲವತ್ತು.

ಜೀಪಿನಲ್ಲಿ ಭೀಮರಾಜ ಅವನ ಪಕ್ಕ ಕೂತ. ವಾಣಿಶ್ರೀ ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದರು.

"ಯಾಕೆ ಮಾಡ್ದೆ?"

"ಕಳೆದ ಸಲ ಹಡಗಿಗೆ ವಾಪಸ್ ಹೋದ ಸಂಜೆ, ಊಟದ ಹಾಲ್‌ನಲ್ಲಿ ಅಮ್ಮನ ಫೋಟೊ ಗೋಡೆಯಷ್ಟಗಲ ಹಾಕಿದ್ರು ಮೇಡಂ. ಎಲ್ಲಾ ಚಪ್ಪಾಳೆ. ಊಟಕ್ಕೆ ಮುದ್ದೆ. ನೆಲ್ಲಿಕಾಯಿ ಗಾತ್ರ, ಮೇಲೊಂದು ಚೂರು ಚಿನ್ನದ ರೇಕು. 'ಭಾರತಮ್ಮನ ಮುತ್ತು' ಅಂತ ಹೆಸರು ಬೇರೆ. ನಾನೇ ಬಡಿಸ್ದೆ. ಒಬ್ಬಾಕೆ ಕಚ್ಚಿ, ಕರವಸ್ತ್ರಕ್ಕೆ ಉಗಿದ್ಲು. ಪಾಪ, ಆ ಹೆಂಗಸು ದಿನಾ ಇದನ್ನೇ ತಿಂತಾಳಾ ಅಂದ್ಲು."

"ನೀನೇನಂದೆ?"

"ಯೆಸ್ ಮ್ಯಾಮ್ ಅಂದೆ."

ಭೀಮರಾಜ ಕೆಮ್ಮಿದ.

"ಮನೆ ತೋರಿಸಿದ್ದು ನೀನೇ. ಸಾಕು ಅಂತ ಅಮ್ಮನಿಗೆ ಹೇಳ್ಬಹುದಿತ್ತು."

"ಫೋನ್ ಮಾಡಿ ಹೇಳ್ದೆ, ಜಗಳಾನೂ ಆಡ್ದೆ. ಬರ್ಲಿ ಬಿಡಪ್ಪಾ, ನಿಂಗೇನ್ ಕಷ್ಟ ಅಂದ್ಲು. ಮನೇನೇ ಇಲ್ದಿದ್ರೆ ಏನ್ ತೋರಿಸ್ತಾರೆ ಅಂದ್ಕೊಂಡೆ. ಒಳಗೆ ನೋಡೇ ಹಚ್ಚಿದ್ದು ಮೇಡಂ. ನಡುಮನೆ ನೋಡ್ದೆ, ಅಡುಗೆಮನೆ ನೋಡ್ದೆ."

"ಹುಳು ಕೋಣೆ?"

"ಅಲ್ಲಿ ಚಂದ್ರಿಕೆ ಬಿಟ್ರೆ ಏನಿರ್ತದೆ?... ಅಜ್ಜಿ ಹೆಂಗಿದಾಳೆ? ಅನಿಲ್ ಸರ್ ಸುಟ್ಟಗಾಯ ಅಂದ್ರು."

ವಾಣಿಶ್ರೀ ರಸ್ತೆ ನೋಡುತ್ತಲೇ ಕೇಳಿದರು: "ಹಡಗಲ್ಲಿ ನಿಂದು ಎಷ್ಟು ರೂಮು?"

"ಹತ್ತು."

"ಒಬ್ಬೊಬ್ಬರು ಹೆಂಗೆ ಮಲಗ್ತಾರೆ ಗೊತ್ತಾ?"

ಕೇಳಿದ್ದೇ ತಡ, ಬಾಯಿಪಾಠದಂತೆ ಬಂತು. ನಾಲ್ಕನೇ ಕ್ಯಾಬಿನ್ನಿನ ತಾತನಿಗೆ ಎರಡು ಗಟ್ಟಿ ದಿಂಬು. ಆರರ ಹೆಂಗಸಿಗೆ ಕಿಟಕಿ ಕಡೆಗೇ ತಲೆ ಇರಬೇಕು. ಒಂಬತ್ತರ ಗಂಡಹೆಂಡಿರು ಬೇರೆ ಬೇರೆ ಹಾಸಿಗೆ, ಅವನು ಗೊರಕೆ ಹೊಡೆಯುತ್ತಾನೆ, ಅವಳ ಮಂಚದ ಪಕ್ಕ ಹತ್ತಿಯ ಉಂಡೆ ಇಡಬೇಕು.

"ನಿಮ್ಮಜ್ಜಿ ಎಲ್ಲಿ ಮಲಗ್ತಿದ್ಲು?"

ನಂದೀಶ ಭೀಮರಾಜನ ಕಡೆ ತಿರುಗಿದ.

"ಬೆಳಿಗ್ಗೆ ಹೋಗ್ಬಿಟ್ಲು ಕಣಪ್ಪಾ," ಎಂದ ಭೀಮರಾಜ, ಕಿಟಕಿಯ ಕಡೆ ನೋಡುತ್ತ.

ಶುಕ್ರವಾರ ಬೆಳಿಗ್ಗೆ ನ್ಯಾಯಾಲಯಕ್ಕೆ ಹಾಜರುಪಡಿಸುವ ಮುಂಚೆ ತಂದೆತಾಯಿ ಠಾಣೆಗೆ ಬಂದರು. ಹೆಣ ಊರಿಗೆ ಬಂದಾಗಿತ್ತು. ಮಣ್ಣು ಹಾಕಲು ಮೊಮ್ಮಗನನ್ನು ಕಳಿಸುತ್ತೀರಾ ಎಂದು ವೆಂಕಟರಾಯಪ್ಪ ಕೇಳಿದ. ಅದು ನಮ್ಮ ಕೈಲಿಲ್ಲ, ಜಡ್ಜ್ ಹೇಳಬೇಕು ಎಂದರು ವಾಣಿಶ್ರೀ. ಭಾರತಮ್ಮನ ಹೇಳಿಕೆ ಬರೆದುಕೊಳ್ಳುವಾಗ ಅಪರಾಧದ ಕಾರಣವನ್ನು ಓದಿ ಹೇಳಿದರು: ತನ್ನ ತಾಯಿಯನ್ನು ಪರರ ಮುಂದೆ ಬಡವಳೆಂದು ಪ್ರದರ್ಶಿಸುತ್ತಿದ್ದುದರಿಂದ ಆದ ಅವಮಾನ.

"ಯಾರಿಗೆ ಅವಮಾನ?" ಎಂದಳು ಭಾರತಮ್ಮ.

"ನಿಮ್ಮ ಮಗನಿಗೆ."

"ಹಂಗಂದ್ರೆ ಅವನ ಹೆಸರಿಗೇ ಬರೀರಿ, ನನ್ನ ಸೇರಿಸ್ಬೇಡಿ. ನಂಗೇನೂ ಆಗಿರ್ಲಿಲ್ಲ. ಒಂಬತ್ತು ತಿಂಗಳಿಗೆ ಒಂದ್ಸಲ ಊರಿಗೆ ಬರೋನು. ಬಸ್ಸಲ್ಲಾದ್ರೆ ತಿಂಗಳಿಗೊಂದ್ಸಲ ಬರ್ತಿದ್ದ. ಹರಕಲು ಸೀರೆ ಉಟ್ಕೊಂಡ್ರೆ ನಂದೇನ್ ಗಂಟು ಹೋಗ್ತದೆ? ಎರಡು ಗಂಟೆ ಹೊತ್ತು ಮಗ ಕಣ್ಮುಂದೆ ಓಡಾಡ್ತಿದ್ದ. ನೇರ ನೋಡಂಗಿರ್ಲಿಲ್ಲ. ಅಲ್ಲಿ ನಿಂತವ್ನೆ ಅಂತ ಗೊತ್ತಾಗ್ತಿತ್ತಲ್ಲ."

ಲಾಕಪ್ಪಿನ ಕಂಬಿಯ ಹಿಂದೆ ನಂದೀಶ ಎದ್ದು ನಿಂತ. "ಅಮ್ಮಾ, ಅಜ್ಜಿ ಅಲ್ಲಿಗ್ಯಾಕೆ ಹೋದ್ಲು?"

ಭಾರತಮ್ಮ ಅವನ ಕಡೆ ತಿರುಗಿದಳು. ಹಡಗಿನವರಿಲ್ಲದ ಜಾಗದಲ್ಲಿ ಮಗನನ್ನು ಅವಳು ನೆಟ್ಟಗೆ ನೋಡಿದ್ದು ಎರಡು ವರ್ಷಗಳಲ್ಲಿ ಕೆಲವೇ ಸಲ.

"ನಿನ್ನ ಕಂಡ್ರೆ ನಂದೀ ಅಂತ ಕೂಗ್ಬಿಡ್ತಾಳೆ ಅಂತ, ಬಸ್ ಬರೋ ದಿನ ಅವಳನ್ನ ಹೊಸ ಮನೇಲಿ ಕೂಡಿ ಹಾಕಿ ಬೀಗ ಹಾಕ್ತಿದ್ವಿ. ಈ ಸಲ ರಾತ್ರೀನೇ ಎದ್ದು, ಕಂಬಳಿ ಕೆಳಗೆ ಮೂಟೆ ಇಟ್ಟು, ನಿನ್ನ ನೋಡ್ಬೇಕು ಅಂತ ಹಳೇ ಮನೇಗೆ ಹೋಗಿ ಅವಿತ್ಕೊಂಡವ್ಳೆ."

ನ್ಯಾಯಾಲಯದ ಹೊತ್ತಾಗಿತ್ತು. ಭೀಮರಾಜ ಬೀಗ ತೆಗೆದು ಅವನ ಮಣಿಕಟ್ಟು ಹಿಡಿದುಕೊಂಡ. ವಾಣಿಶ್ರೀ ಕಾರಣದ ಸಾಲಿನಲ್ಲಿ ತಾಯಿಗೆ ಸಂಬಂಧಿಸಿದ ಮಾತನ್ನು ಹೊಡೆದುಹಾಕಿ, ಆರೋಪಿಗೆ ಆದ ಅವಮಾನ ಎಂದಷ್ಟೇ ಉಳಿಸಿದರು. ಭಾರತಮ್ಮ ಅದನ್ನು ಮತ್ತೊಮ್ಮೆ ಓದಿಸಿಕೊಂಡು ಕೇಳಿ, ಮಗನ ವಿರುದ್ಧದ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು.