ಒಂದು ಕೂದಲೆಳೆ ಕಡಿಮೆ

"ಬೇಡಮ್ಮ, ಅದನ್ನ ಮುಟ್ಟಬೇಡ. ಕುಲುಮೆಗೆ ಹೋಗೋ ವಸ್ತು ಅದು."

ಮುಚ್ಚಿಹೋದ ವರ್ಕ್‌ಶಾಪಿನ ಬಾಗಿಲಲ್ಲಿ ಮುದುಕಿ ಗುಜರಿಯವನಿಗಾಗಿ ಕಾಯುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ, ತುಕ್ಕು ಮತ್ತು ಹಳೆಯ ಎಣ್ಣೆ ನಾರುವ ಕತ್ತಲಲ್ಲಿ, ಮೇಜಿನ ಮೇಲಿಡಬಹುದಾದಂಥ, ಲೋಹ ಕಡೆಯುವ ಒಂದು ಚಿಕ್ಕ ಲೇತು ಮೈ ಮುದುರಿಕೊಂಡು ಕೂತಂತಿತ್ತು. ಎದುರಿಗೆ ನಿಂತಿದ್ದವಳು ಪಕ್ಕದ ಬೀದಿಯ ಔಷಧಿ ಅಂಗಡಿಯವಳು. ನಲವತ್ತು ದಾಟಿದ, ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರದ ಆ ಹೆಂಗಸನ್ನು ಅವಳ ಅಕ್ಕ ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದಳು. ಬೀದಿಯವರೂ ನಗುತ್ತ ಅದನ್ನೇ ಹಿಡಿದುಕೊಂಡಿದ್ದರು. ಕೈಯಾರೆ ಒಂದು ಪುಟಾಣಿ ಉಗಿ ಎಂಜಿನ್ ಮಾಡಬೇಕೆಂಬ ಹುಚ್ಚು ಅವಳಿಗೆ ಹತ್ತಿ ಬಹಳ ದಿನವಾಗಿತ್ತು.

"ನಮ್ಮೋರು ಆರಡಿ ಆಳು" ಎಂದಳು ಮುದುಕಿ. "ಪಾಲುದಾರನ ಹೆಸರನ್ನ ಬೋರ್ಡಿಂದ ಅಳಿಸಿಹಾಕಿದ್ರು. ಅವನು ಮಾಟ ಮಾಡಿಸ್ದ. ಇದರ ಮುಂದೆ ನಿಂತು ನಿಂತು ಕುಗ್ಗಿಹೋದ್ರು. ಕೊನೇ ದಿನ ನಾನೊಬ್ಳೇ ಮಗು ಥರ ಎತ್ಕೊಂಡು ಹೋದೆ."

ಪುಟ್ಟಿ ನಕ್ಕುಬಿಟ್ಟಳು. "ಅಮ್ಮಾ, ನನ್ನ ಅಂಗಡಿಗೆ ದಿನಾ ಮೈ ಇಳಿಸೋ ಮಾತ್ರೆ ಕೇಳ್ಕೊಂಡು ಬರ್ತಾರೆ. ಇಂಥ ಮಾಟ ಇದೆ ಅಂದ್ರೆ ಸಾಲು ನಿಂತ್ಕೋತಾರೆ!"

ಲೇತು ಕೈಗಾಡಿಯ ಮೇಲೆ ಅವಳ ಮನೆಗೆ ಬಂತು.

ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ದಪ್ಪ ಹಲಗೆಯ ಮೇಜಿಗೆ ಬೋಲ್ಟು ಹಾಕಿ ಬಿಗಿದಳು. ರಸಮಟ್ಟ ಇಟ್ಟು ನೋಡಿ, ತಗ್ಗಿದ್ದ ಕಾಲಿನ ಕೆಳಗೆ ತಗಡು ತೂರಿಸಿದಳು. ಮೋಟಾರಿನ ಬೆಲ್ಟು ಬಿಗಿಗೊಳಿಸಿದಳು. ಮೊದಲ ಸಲ ಹಿತ್ತಾಳೆಯ ಸರಳಿಗೆ ಉಳಿ ತಾಗಿಸಿದಾಗ ಯಂತ್ರ ಹಲ್ಲು ಕಡಿಯುವಂತೆ ಕಿರುಚಿತು. ಸರಳಿನ ತುದಿಯ ಮುಖದ ನಡುವೆ ಮೊಡವೆಯಂಥ ಗುಬುಟು ಉಳಿಯಿತು. ಉಳಿಯ ಮೊನೆ ತಗ್ಗಿದೆ ಎಂದುಕೊಂಡು ಅದನ್ನು ಎತ್ತರಿಸಿದಳು. ಕಿರುಚಾಟ ನಿಂತಿತು. ಆದರೆ ಅಳತೆ ಮಾತ್ರ ಸರಿಬರಲಿಲ್ಲ. ಎಷ್ಟೇ ಎಚ್ಚರದಿಂದ ಕಡೆದರೂ ತುಂಡು ಬೇಕಾದ್ದಕ್ಕಿಂತ ಒಂದು ಕೂದಲೆಳೆ ಕಡಿಮೆಯೇ ಬರುತ್ತಿತ್ತು.

"ಕಲಿಯೋವಾಗ ಹಾಗೇನೇ" ಎಂದು ಮತ್ತೊಂದು ಸರಳು ಹಾಕಿದಳು. ಮತ್ತೊಂದು. ಮಗದೊಂದು.

ಅಕ್ಕ ಚಹಾ ತಂದವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಏನೇ ಇದು, ಕೂದಲು ಸುಟ್ಟ ವಾಸನೆ?"

ಹಿತ್ತಾಳೆಗೆ ಆ ವಾಸನೆ ಎಲ್ಲಿಂದ ಬರಬೇಕು? ಪುಟ್ಟಿ ಎದ್ದು ಕಿಟಕಿ ತೆರೆದಳು.

ಆ ವಾರ ಅವಳ ಬಳೆ ತಾನಾಗಿ ಜಾರಿ ಸಿಂಕಿಗೆ ಬಿತ್ತು. ಚಪ್ಪಲಿ ಕಾಲಿಗೆ ಲೊಡಲೊಡ ಎಂದಿತು. ಅಂಗಡಿಯಲ್ಲಿ ಮೇಲಿನ ಕಪಾಟಿನ ಕೆಮ್ಮಿನ ಸಿರಪ್ಪಿಗೆ ಕೈ ಚಾಚಿದಳು; ಬೆರಳ ತುದಿಗೂ ಸಿಗಲಿಲ್ಲ. ಆ ಕಪಾಟನ್ನು ತನ್ನ ಎತ್ತರ ನೋಡಿಕೊಂಡೇ ಹೊಡೆಸಿದ್ದಳು.

ಸೀದಾ ಮುದುಕಿಯ ಮನೆಗೆ ಹೋದಳು. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಣ್ಣು ಮುಚ್ಚಿಕೊಂಡಳು.

"ನಾನು ಓಡಿಸೋದು ನಿಲ್ಲಿಸಿದ್ರೆ?"

"ಅವರೂ ನಿಲ್ಲಿಸಿದ್ರು. ಇನ್ನೂ ಬೇಗ ಕುಗ್ಗಿದ್ರು."

"ಕುಲುಮೆಗೆ ಹಾಕಿಸಿದ್ರೆ?"

"ಈಗ ಅದು ನಿನ್ನನ್ನ ಹಿಡ್ಕೊಂಡಿದೆ ಮಗಳೇ. ಅದರ ಜೊತೆ ನೀನೂ ಹೋಗ್ತೀಯ." ಮುದುಕಿಯ ದನಿ ಇಳಿಯಿತು. "ಮಾಟದ ಕಟ್ಟು ಅದರ ಹೊಟ್ಟೇಲಿದೆ. ಕಟ್ಟು ಕಡಿಯೋರ ಕೈ ಕಟ್ಟಿನ ಜೊತೇನೇ ಹೋಗುತ್ತೆ ಅಂತ ಪಾಲುದಾರ ಹೇಳಿ ಕಳಿಸಿದ್ದ. ಕೈಯಿಲ್ಲದ ಟರ್ನರ್ ಬದುಕಿ ಏನು ಮಾಡ್ಲಿ ಅಂತ ನಮ್ಮೋರು ಸುಮ್ನಾದ್ರು."

"ನಾನು ಸುಮ್ನಾಗೋ ಪೈಕಿ ಅಲ್ಲ" ಎಂದು ಪುಟ್ಟಿ ಎದ್ದಳು.

ಭಾನುವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿಕೊಂಡಳು. ಲೇತಿನಲ್ಲಿ ಸರಳು ತೂರಿಸುವ ಉದ್ದನೆಯ ಟೊಳ್ಳಿಗೆ ಒಂದು ತುದಿಯಿಂದ ಟಾರ್ಚು ಹಿಡಿದಳು. ಬೆಳಕು ಇನ್ನೊಂದು ತುದಿಗೆ ಬರಲಿಲ್ಲ. ಕಬ್ಬಿಣದ ಕಡ್ಡಿಯಿಂದ ನೂಕಿದಳು. ಏನೋ ಮೆತ್ತಗೆ ಸರಿಯಿತು. ಎಣ್ಣೆ ಕುಡಿದು ಜಿಡ್ಡುಗಟ್ಟಿದ ಕೂದಲಿನ ಉಂಡೆಯೊಂದು ಮೇಜಿನ ಮೇಲೆ ಬಿತ್ತು. ಒಳಗೆ ಸೀಸದ ಬೊಂಬೆ. ಎಡಗೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿತ್ತು. ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿ ಗಂಟು ಹಾಕಿತ್ತು. ಮುಖ ನೋಡಿದಳು. ತನ್ನದೇ ಮೂಗು, ತನ್ನದೇ ಗಲ್ಲ.

ತಂತಿಗೆ ಕಟರ್ ಹಾಕಿದಳು. ಕಟರಿನ ಬಾಯೇ ಮುರಿಯಿತು. ಅವಳ ಎಡ ಮಣಿಕಟ್ಟಿನಲ್ಲಿ ಚಳುಕು ಹೊಡೆಯಿತು. ಆಗ ತಿಳಿಯಿತು. ತಂತಿ ತುಂಡಾಗುವುದಿಲ್ಲ. ಬೊಂಬೆಯ ಕೈಯನ್ನೇ ಕಡಿಯಬೇಕು.

ಭಯವಾಯಿತು. ಕೈ ನೋಡಿಕೊಂಡಳು. ಆಮೇಲೆ ಭಯದ ಹಿಂದಿನಿಂದ ಸಿಟ್ಟು ಬಂತು. ಯಾರದೋ ಜಗಳ, ಯಾರದೋ ಬೋರ್ಡು. ಅದಕ್ಕೆ ತಾನು ಅಂಗುಲ ಅಂಗುಲವಾಗಿ ಸವೆಯಬೇಕೆ?

"ಒಂದು ಕೈ ತಗೋ" ಎಂದಳು ಯಂತ್ರಕ್ಕೆ. "ಅದಕ್ಕಿಂತ ಒಂದು ಕೂದಲೂ ಜಾಸ್ತಿ ಕೊಡಲ್ಲ."

ಬೊಂಬೆಯ ಮೈಯನ್ನು, ಸರಳು ಕಚ್ಚಿ ತಿರುಗಿಸುವ ಚಕ್ಕಿನ ದವಡೆಗಳ ನಡುವೆ ಬಿಗಿದಳು. ಅವಳ ಪಕ್ಕೆಲುಬು ಬಿಗಿಯಿತು. ತುಂಡರಿಸುವ ಚಪ್ಪಟೆ ಉಳಿಯನ್ನು ತಂತಿಯ ಕೆಳಗೆ, ಮಣಿಕಟ್ಟಿನ ನೇರಕ್ಕೆ ಇಟ್ಟಳು. ಸ್ವಿಚ್ ಒತ್ತಿದಳು. ಚಕ್ ತಿರುಗಿತು. ಶೆಡ್ಡು ತಿರುಗಿತು. ಕಿಟಕಿಯ ಬಿಸಿಲು ಆರಿದಂತಾಯಿತು. ಕತ್ತಲು. ಕೂದಲು ಸುಟ್ಟ ಹೊಗೆ. ಯಾರೋ ಕಿವಿಯ ಹತ್ತಿರ, ಗಂಡಸಿನ ದನಿಯಲ್ಲಿ, "ನಿಲ್ಲಿಸು" ಎಂದರು. ಅವಳು ಹಿಡಿಕೆ ತಿರುಗಿಸಿದಳು. "ನಿಲ್ಲಿಸು!" ಇನ್ನಷ್ಟು ತಿರುಗಿಸಿದಳು. ಉಳಿ ಕಚ್ಚಿತು. ಮೋಟಾರು ನರಳಿತು. ಅವಳು ಚೀರಿದಳು. ಹಿಡಿಕೆ ಬಿಡಲಿಲ್ಲ. ಸೀಸದ ಬೆಳ್ಳಗಿನ ಸುರುಳಿ ಬಿಚ್ಚುತ್ತ ಬಂತು. ಮೂಳೆಯೊಳಗೆ ಮಂಜು ನುಗ್ಗಿತು. ಟಕ್.

ಸೀಸದ ಪುಟ್ಟ ಕೈ ತಂತಿಯ ಸಮೇತ ಟ್ರೇಗೆ ಬಿತ್ತು. ಬೊಂಬೆ ಬೂದಿಯಾಗಿ ಉದುರಿತು.

ಬಾಗಿಲು ಒಡೆದುಕೊಂಡು ಅಕ್ಕ ಒಳಗೆ ಬಂದಾಗ ಪುಟ್ಟಿ ಮೇಜಿಗೆ ಒರಗಿ ನಿಂತಿದ್ದಳು. ಎಡಗೈ ಮಣಿಕಟ್ಟಿನಲ್ಲಿ ಮುಗಿದಿತ್ತು. ರಕ್ತದ ಹನಿಯಿಲ್ಲ. ಮೊಂಡು ತುದಿಯ ಚರ್ಮದ ಮೇಲೆ, ಕಡೆದ ಲೋಹದ ಮುಖದಲ್ಲಿರುವಂತೆ, ಒಂದರೊಳಗೊಂದು ಸಣ್ಣ ವೃತ್ತಗಳು. ಡಾಕ್ಟರು ಆ ವೃತ್ತಗಳ ಮೇಲೆ ಬೆರಳಾಡಿಸಿ ನೋಡಿದರು.

ಕಳೆದುಹೋದ ಎತ್ತರ ವಾಪಸು ಬರಲಿಲ್ಲ. ಮುಂದೆ ಕುಗ್ಗಲೂ ಇಲ್ಲ.

ಗಾಯದ ನೋವು ತಗ್ಗಿದ ಮೇಲೆ ಒಂದು ಬೆಳಗ್ಗೆ ಶೆಡ್ಡಿನಿಂದ ಲೇತಿನ ಸದ್ದು ಕೇಳಿ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ನಿನಗೇನು ತಲೆ ಕೆಟ್ಟಿದ್ಯಾ? ಇದನ್ನ ಇನ್ನೂ ಇಟ್ಕೊಂಡಿದ್ದೀಯಲ್ಲೇ!"

"ಇದಕ್ಕೆ ನಾನಾಗೇ ಕೊಟ್ಟಿರೋದನ್ನ ಇನ್ಯಾರೂ ಕೊಟ್ಟಿಲ್ಲ ಅಕ್ಕಾ. ಇನ್ಮೇಲೆ ಇದು ನನ್ನದು." ಪುಟ್ಟಿ ತುಂಡಿಗೆ ಮೈಕ್ರೋಮೀಟರ್ ಹಿಡಿದಳು. ಅಳತೆ ಸರಿಯಾಗಿ ಕೂತಿತು. ಅವಳ ಮುಖ ಅರಳಿತು. "ಕೈ ಒರೆಸ್ಕೊಂಡು ಬಾ. ಈ ಹಿಡಿಕೆ ನಾನು ತಿರುಗಿಸ್ತೀನಿ, ಆ ಕಡೆ ಹಿಡಿಕೆ ನೀನು ಹಿಡ್ಕೋ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಬೈಯುತ್ತಲೇ ಹತ್ತಿರ ಬಂದು, ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.